ಕೆಚಾಕ್: ಗೈಡ್ ಹೇಳಿದ್ದು, ಮಗ ಹೇಳಿದ್ದು

ಪತ್ರ: "ಬಾಲಿಗೆ ಹೋದಾಗ ಉಲುವಾಟು ದೇವಸ್ಥಾನದಲ್ಲಿ ಕೆಚಾಕ್ ಎಂಬ ಕುಣಿತ ನೋಡಿದೆವು. ಸಾವಿರ ವರ್ಷದ ಕಲೆ ಎಂದ ಗೈಡ್. ಊರಿಗೆ ಬಂದರೆ ಮಗ, 'ಅದು ಜರ್ಮನಿಯವನೊಬ್ಬ ಟೂರಿಸ್ಟರಿಗೆ ಅಂತ ಕಟ್ಟಿದ್ದು' ಅಂತಾನೆ. ನಾವು ಮೋಸ ಹೋದೆವಾ?"
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಮೋಸವೇನೂ ಆಗಿಲ್ಲ. ಗೈಡ್ ಸ್ವಲ್ಪ ಜಾಸ್ತಿ ಹೇಳಿದ, ನಿಮ್ಮ ಮಗ ಅರ್ಧ ಹೇಳಿದರು, ಅಷ್ಟೇ.

ಸೊಂಟಕ್ಕೆ ಕಪ್ಪು-ಬಿಳಿ ಚೌಕುಳಿ ಬಟ್ಟೆ ಸುತ್ತಿದ ಗಂಡಸರು ದೀಪದ ಸುತ್ತ ಕೂತು 'ಚಕ್ ಚಕ್' ಅನ್ನೋದು, ನಡುವೆ ಸೀತೆ, ರಾವಣ, ಹನುಮಂತ ಬರೋದು, ಇದೆಲ್ಲ 1930ರ ದಶಕದಲ್ಲಿ ರೂಪ ಪಡೆದದ್ದು. ಆ ಕೂಗು ಮಾತ್ರ ಅದಕ್ಕಿಂತ ಹಳೆಯದು.

ಊರಿಗೆ ರೋಗರುಜಿನ ಬಂದರೆ ಬಾಲಿಯವರು ಸಂಘ್ಯಾಂಗ್ ದೆದಾರಿ ಎಂಬ ಆಚರಣೆ ನಡೆಸುತ್ತಿದ್ದರು. ಇನ್ನೂ ಮೈನೆರೆಯದ ಹುಡುಗಿಯರನ್ನು ಧೂಪದ ಹೊಗೆಯ ಮುಂದೆ ಕೂರಿಸುತ್ತಾರೆ. ಹೆಂಗಸರು ಹಾಡುತ್ತಾರೆ, ಗಂಡಸರು ಚಕ್ ಚಕ್ ಅನ್ನುತ್ತಾರೆ. ಹುಡುಗಿಯರ ಮೈಮೇಲೆ ಬರುತ್ತದೆ, ಕಣ್ಣು ಮುಚ್ಚಿಕೊಂಡೇ ಕುಣಿಯುತ್ತಾರೆ. ಅಲ್ಲಿ ರಾಮನೂ ಇಲ್ಲ, ರಾವಣನೂ ಇಲ್ಲ.

ಇನ್ನು ಆ ಜರ್ಮನಿಯವನು. ಹೆಸರು ವಾಲ್ಟರ್ ಸ್ಪೀಸ್. ಚಿತ್ರಕಾರ, ಸಂಗೀತವೂ ಬರುತ್ತಿತ್ತು. 1927ರಲ್ಲಿ ಬಾಲಿಗೆ ಬಂದು ಉಬುದ್‌ನಲ್ಲಿ ನೆಲೆಸಿದ. ಬೆದುಲು ಹಳ್ಳಿಯಲ್ಲಿ ವಾಯನ್ ಲಿಂಬಾಕ್ ಎಂಬ ಕಲಾವಿದ ಈ ಗಂಡಸರ ಮೇಳಕ್ಕೆ ಬಾರಿಸ್ ಎಂಬ ಯೋಧರ ಕುಣಿತದ ಹೆಜ್ಜೆ ಸೇರಿಸಿದ್ದ. ಅದು ಸ್ಪೀಸ್‌ಗೆ ಹಿಡಿಸಿತು. ಆಚರಣೆಯಿಂದ ಮೇಳವನ್ನು ಬಿಡಿಸಿ ರಾಮಾಯಣ ಜೋಡಿಸುವುದಕ್ಕೆ ಅವನ ಒತ್ತಾಸೆ ಇತ್ತು. ಹೊರಗಿನ ಪ್ರೇಕ್ಷಕರೂ ಅವನ ಲೆಕ್ಕದಲ್ಲಿದ್ದರು ಅನ್ನೋದು ನಿಜ. ಆದರೆ ಕುಣಿದವರು, ಕೂಗಿದವರು, ತಾಳ ಕಟ್ಟಿದವರು ಹಳ್ಳಿಯವರು. ಮೊದಲು ಆಡಿದ್ದು ನಾವೇ ಅಂತ ಬೋನಾ ಊರಿನವರೂ ಹೇಳಿಕೊಳ್ಳುತ್ತಾರೆ. ಎಲ್ಲವನ್ನೂ ಸ್ಪೀಸ್ ಖಾತೆಗೆ ಬರೆಯೋದು ನನಗೆ ಅನ್ಯಾಯ ಅನಿಸುತ್ತದೆ.

ಆ ತಾಳ ಹೇಗೆ ಹುಟ್ಟುತ್ತದೆ ಗೊತ್ತಾ? ಎಲ್ಲರೂ ಒಟ್ಟಿಗೆ ಕೂಗುವುದಿಲ್ಲ. ಒಬ್ಬ 'ಪುಂಗ್ ಪುಂಗ್' ಎಂದು ಒಂದೇ ಸಮ ಲಯ ಹಿಡಿದಿರುತ್ತಾನೆ. ಉಳಿದವರು ಗುಂಪು ಗುಂಪಾಗಿ ಬೇರೆ ಬೇರೆ ಲೆಕ್ಕದಲ್ಲಿ ಚಕ್ ಹಾಕುತ್ತಾರೆ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರದು ಬೀಳುತ್ತದೆ. ಬಾಲಿಯ ಗಮೆಲಾನ್ ವಾದ್ಯಮೇಳ ನುಡಿಸುವ ರೀತಿಯೂ ಇದೇ. ಇಲ್ಲಿ ವಾದ್ಯ ಒಂದೂ ಇಲ್ಲ, ಎಲ್ಲ ಬಾಯಲ್ಲೇ. ಒಂದು ಗುಂಪು ಚೂರು ಜಾರಿದರೂ ಇಡೀ ನೇಯ್ಗೆ ಕಲಸಿಹೋಗುತ್ತದೆ.

ರಾಮಾಯಣವೂ ನೇರವಾಗಿ ನಮ್ಮಿಂದ ಹೋದದ್ದಲ್ಲ, ಜಾವಾ ದಾರಿಯಲ್ಲಿ ಬಂದದ್ದು. ಹಳೆ ಜಾವಾ ಭಾಷೆಯ ರಾಮಾಯಣ ಕಾವ್ಯಕ್ಕೆ ವಾಲ್ಮೀಕಿಗಿಂತ, ರಾಮನ ಕಥೆಯನ್ನೇ ಹೇಳುವ ಸಂಸ್ಕೃತದ ಭಟ್ಟಿಕಾವ್ಯದ ನಂಟು ಹೆಚ್ಚು.

ನನಗೆ ಇಷ್ಟವಾಗೋದು ಬಾಲಿಯವರ ಲೆಕ್ಕ. 1971ರಲ್ಲಿ ಬಾಲಿಯ ರಾಜಧಾನಿ ಡೆನ್‌ಪಸಾರ್‌ನಲ್ಲಿ ಕೂತು ತಮ್ಮ ಕುಣಿತಗಳನ್ನು ಮೂರು ಪಾಲು ಮಾಡಿದರು: ದೇವರ ಮುಂದಿನದು, ಆಚರಣೆಯ ಜೊತೆಗಿನದು, ಸುಮ್ನೆ ನೋಡಿ ಖುಷಿಪಡುವುದು. 2015ರಲ್ಲಿ ಯುನೆಸ್ಕೋ ಬಾಲಿಯ 9 ಕುಣಿತಗಳನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂಘ್ಯಾಂಗ್ ದೆದಾರಿ ಅದರಲ್ಲಿದೆ. ಪ್ರಪಂಚವೇ ಫೋಟೋ ತೆಗೆಯುವ ಕೆಚಾಕ್ ಇಲ್ಲ! ಹಾಗಂತ ಅಲ್ಲಿ ಯಾರೂ ಕೆಚಾಕ್ ಬಿಟ್ಟಿಲ್ಲ. 1970ರ ದಶಕದಲ್ಲಿ ಜಾವಾದ ನೃತ್ಯ ಸಂಯೋಜಕ ಸರ್ದೊನೊ ಕುಸುಮೊ ಬಾಲಿಯ ತೆಗೆಸ್ ಹಳ್ಳಿಯವರನ್ನು ಕಟ್ಟಿಕೊಂಡು ಅದನ್ನು ಇನ್ನೊಂದು ಥರ ಮಾಡಿ ನೋಡಿದರು. ಈಗ ಹೆಂಗಸರ ಮೇಳಗಳೂ ಇವೆ.

ಮತ್ತೆ ಹೋದರೆ ಉಬುದ್‌ನಲ್ಲಿ ಹೆಂಗಸರ ಕೆಚಾಕ್ ಇದೆಯಾ ವಿಚಾರಿಸಿ. ಲಯ ಹಿಡಿಯುವವರು ಎಲ್ಲಿ ಕೂತಿದ್ದಾರೆ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ. ಉಲುವಾಟುವಿಗೇ ಹೋಗೋದಾದರೆ ಕನ್ನಡಕ ಜೇಬಿಗಿಡಿ. ಅಲ್ಲಿನ ಕೋತಿಗಳ ಕೈಚಳಕ ನೀವೇ ನೋಡಿರಬೇಕು.