ಮೂರು ವರ್ಷದ ಫೋನ್, ಬ್ಯಾಟರಿ ನಿಲ್ಲುತ್ತಿಲ್ಲ. ಹೊಸ ಅಪ್‌ಡೇಟ್ ಹಾಕಿ ರೀಸೆಟ್ ಮಾಡಿದರೆ ಸರಿಹೋಗುತ್ತದೆಯೇ?

ಶೇ 30 ಎಂದು ತೋರಿಸುತ್ತಿರುವಾಗಲೇ ಫೋನ್ ಆರಿಹೋಗುತ್ತದೆ ಎಂದು ಬರೆದಿದ್ದೀರಲ್ಲ, ಅಲ್ಲಿಗೇ ನನಗೆ ಗೊತ್ತಾಯಿತು. ಕಳೆದ ಮಳೆಗಾಲದಲ್ಲಿ ನಾನೂ ಇದೇ ಸ್ಥಿತಿಯಲ್ಲಿದ್ದೆ. ದಯವಿಟ್ಟು ಇವತ್ತು ರೀಸೆಟ್ ಮಾಡಬೇಡಿ, ಅದು ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತದೆ. ಇದನ್ನು ಓದಿ ಮುಗಿಸಿ, ಆಮೇಲೆ ನಿರ್ಧರಿಸಿ.

ನಮ್ಮದು ಕೊಪ್ಪ ತಾಲ್ಲೂಕಿನಲ್ಲಿ ಅಡಿಕೆ, ಕಾಫಿಯ ಸಣ್ಣ ತೋಟ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಹಿಂದೆ ಸೀಮೆಎಣ್ಣೆಯನ್ನು ಅಳೆದು ಬಳಸುತ್ತಿದ್ದ ಹಾಗೆ ಈಗ ಫೋನಿನ ಚಾರ್ಜನ್ನು ಅಳೆದು ಬಳಸುತ್ತೇವೆ. ಆ ಚಾರ್ಜ್ ಅರ್ಧ ದಿನವೂ ಬಾರದಿದ್ದಾಗ, ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ನಂಬಿದೆ. ಎಂಟು ತಿಂಗಳಲ್ಲಿ ಮೂರು ಅಪ್‌ಡೇಟ್ ಬಂದವು. ಪ್ರತಿ ಸಲವೂ ಮೊದಲ ಎರಡು ದಿನ ಬ್ಯಾಟರಿ ಇನ್ನೂ ಬೇಗ ಇಳಿಯುತ್ತಿತ್ತು. ಮೂರನೆಯ ದಿನ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ಅಪ್‌ಡೇಟ್ ಆದ ಮೇಲೆ ಫೋನ್ ಆಪ್‌ಗಳನ್ನೆಲ್ಲ ಮತ್ತೆ ಹೊಂದಿಸಿಕೊಳ್ಳುತ್ತದೆ, ಆ ಕೆಲಸಕ್ಕೇ ಚಾರ್ಜ್ ಖರ್ಚಾಗುತ್ತದೆ. ಕೆಲಸ ಮುಗಿದು ಹಳೆಯ ಸ್ಥಿತಿಗೆ ಮರಳಿದ್ದನ್ನೇ ನಾನು ಗುಣವಾಯಿತು ಎಂದುಕೊಂಡೆ. ಎಂಟು ತಿಂಗಳು ಕಳೆದದ್ದು ಹೀಗೆ.

ಮೂರನೆಯ ಅಪ್‌ಡೇಟ್ ಆದ ಮೇಲೆ, ಬರೀ ಅಪ್‌ಡೇಟ್ ಸಾಲದು, ರೀಸೆಟ್ ಮಾಡಿದರೇ ಅದರ ಫಲ ಕಾಣುವುದು ಎಂಬ ಸಲಹೆ ಬಂತು. ನಿಮಗೂ ಅದನ್ನೇ ಹೇಳಿದ್ದಾರೆ. ನಾನು ರೀಸೆಟ್ ಮಾಡಿಯೇಬಿಟ್ಟೆ. ಅದರಿಂದ ಕಳೆದುಕೊಂಡದ್ದೇನು ಎಂದು ಹೇಳುತ್ತೇನೆ.

ನಮ್ಮ ತಂದೆ ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ, ಇಂಚು ಮತ್ತು ಸೆಂಟಿನ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುತ್ತಿದ್ದರು. ಅವರಿಗೆ ಕೈ ನಡುಕ ಶುರುವಾದ ಮೇಲೆ ಆ ಕೆಲಸ ನನಗೆ ಬಂತು. ನಾನು ಡೈರಿ ಬಿಟ್ಟು ಫೋನಿನ ಒಂದು ಸಣ್ಣ ಟಿಪ್ಪಣಿ ಆಪ್‌ನಲ್ಲಿ ಬರೆಯತೊಡಗಿದೆ. ಪುಷ್ಯ ಮಳೆ ಎಷ್ಟು ಬಂತು, ಆಶ್ಲೇಷ ಎಷ್ಟು, ಕಾಫಿಗೆ ಹೂಮಳೆ ಯಾವ ದಿನ ಬಿತ್ತು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಸಿದೆವು, ಎಲ್ಲ ಅದರಲ್ಲಿತ್ತು. ಎರಡು ಫೋನುಗಳಲ್ಲಿ ಕೂಡಿಸಿಟ್ಟ ನಾಲ್ಕು ವರ್ಷದ ಲೆಕ್ಕ.

ರೀಸೆಟ್‌ಗೆ ಮೊದಲು ನಾನು ಪರೀಕ್ಷಿಸಲಿಲ್ಲ ಎಂದಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಆನ್ ಇದೆ ಎಂಬುದನ್ನು ನೋಡಿದೆ. ನೋಡಿದ್ದು ಆ ಗುಂಡಿಯನ್ನು ಮಾತ್ರ. ಕೊನೆಯ ಬ್ಯಾಕಪ್ ಯಾವಾಗ ಆಯಿತು ಎಂಬ ದಿನಾಂಕ ಅದೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಲಿಲ್ಲ. ಗುಂಡಿ ಆನ್ ಇದ್ದರೆ ಬ್ಯಾಕಪ್ ಆಗುತ್ತಲೇ ಇರುತ್ತದೆ ಎಂದು ನಂಬಿದ್ದೆ. ಹಾಗಾಗುವುದಿಲ್ಲ. ಆಂಡ್ರಾಯ್ಡ್ ಫೋನು ತಾನಾಗಿ ಬ್ಯಾಕಪ್ ಮಾಡುವುದು ಸಾಮಾನ್ಯವಾಗಿ ವೈಫೈ ಇದ್ದು, ಚಾರ್ಜಿನಲ್ಲಿದ್ದು, ಯಾರೂ ಬಳಸದೆ ಸುಮ್ಮನಿರುವಾಗ. ನಮ್ಮ ಮನೆಯಲ್ಲಿ ವೈಫೈ ಇಲ್ಲ. ಹನ್ನೊಂದು ತಿಂಗಳ ಹಿಂದೆ ಶಿವಮೊಗ್ಗದಲ್ಲಿ ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಬ್ಯಾಕಪ್ ಆದದ್ದು ಅವತ್ತೇ ಕೊನೆ. ಇನ್ನೊಂದು ಸಂಗತಿಯೂ ನನಗೆ ತಿಳಿದಿರಲಿಲ್ಲ. ಎಲ್ಲ ಆಪ್‌ಗಳ ಮಾಹಿತಿಯೂ ಬ್ಯಾಕಪ್‌ಗೆ ಹೋಗುವುದಿಲ್ಲ. ಹೋಗಬೇಕೇ ಬೇಡವೇ ಎಂಬುದನ್ನು ಆಪ್ ಮಾಡಿದವರು ತೀರ್ಮಾನಿಸಿರುತ್ತಾರೆ. ಫೋನ್ ನಂಬರುಗಳು ಮರಳಿದವು, ಆ ರಾತ್ರಿಯವರೆಗಿನ ಒಂದಿಷ್ಟು ಸಂದೇಶಗಳೂ ಮರಳಿದವು. ಟಿಪ್ಪಣಿ ಆಪ್ ತೆರೆದರೆ ಖಾಲಿ ಪುಟ.

ಗುಡ್ಡದ ಆಚೆಯ ಎಸ್ಟೇಟಿನವರ ಪುಸ್ತಕದಿಂದ ಆ ನಾಲ್ಕು ವರ್ಷದ ಅಂಕಿಗಳನ್ನು ನಕಲು ಮಾಡಿಕೊಂಡು ಬಂದೆ. ಗುಡ್ಡದ ಆ ಬದಿಯ ಮಳೆಯೇ ಬೇರೆ, ಈ ಬದಿಯ ಮಳೆಯೇ ಬೇರೆ. ತಂದೆಯವರು ಆ ಹಾಳೆಗಳ ತಲೆಯ ಮೇಲೆ ಪೆನ್ಸಿಲಿನಲ್ಲಿ ‘ನಮ್ಮದಲ್ಲ’ ಎಂದು ಬರೆದಿಟ್ಟಿದ್ದಾರೆ.

ಇಷ್ಟಾಗಿಯೂ ಬ್ಯಾಟರಿ ಸರಿಹೋಯಿತೇ? ರೀಸೆಟ್ ಮಾಡಿದ ಸಂಜೆಯೇ ಶೇ 28 ಇರುವಾಗ ಫೋನ್ ಆರಿತು. ಮಾರನೆಯ ವಾರ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನ ಹುಡುಗ ಹಳೆಯ ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟಾಗ ಅದು ಸಮನಾಗಿ ಕೂರಲಿಲ್ಲ, ಹೊಟ್ಟೆ ಉಬ್ಬಿತ್ತು. ತೇವ ತಾಗದಿರಲಿ ಎಂದು ಮಳೆಗಾಲವಿಡೀ ಫೋನನ್ನು ಬಚ್ಚಲೊಲೆಯ ಮೇಲಿನ ಹಲಗೆಯಲ್ಲಿ ಇಡುತ್ತಿದ್ದೆ; ಲಿಥಿಯಂ ಬ್ಯಾಟರಿಗೆ ಬಿಸಿಯಷ್ಟು ಕೆಟ್ಟದ್ದು ಕಡಿಮೆ. ಮುಕ್ಕಾಲು ಗಂಟೆಯಲ್ಲಿ ಹೊಸ ಬ್ಯಾಟರಿ ಹಾಕಿಕೊಟ್ಟರು, 1,900 ರೂಪಾಯಿ ಆಯಿತು. ಈಗ ಒಂದು ಪೂರ್ತಿ ದಿನ ಬರುತ್ತದೆ.

ಆದ್ದರಿಂದ ಅಪ್‌ಡೇಟ್ ಹಾಕಬೇಕೇ, ಕಾಯಬೇಕೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬ್ಯಾಟರಿ ಸವೆಯುವ ವಸ್ತು, ಸೈಕಲ್ಲಿನ ಟೈರಿನಂತೆ. ಹಳತಾದಂತೆ ಅದರ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಕ್ಯಾಮೆರಾ ತೆರೆದಾಗ, ಕರೆ ಬಂದಾಗ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದರೆ ವೋಲ್ಟೇಜ್ ಕುಸಿದು ಫೋನ್ ಆರುತ್ತದೆ. ಪರದೆಯ ಮೇಲಿನ ಶೇಕಡಾ ಅಂಕಿ ಬರೀ ಅಂದಾಜು. ಆಪಲ್ ಕಂಪನಿ 2017ರಲ್ಲಿ ಹಳೆಯ ಐಫೋನ್‌ಗಳು ಹೀಗೆ ಆರುವುದನ್ನು ಅಪ್‌ಡೇಟ್‌ನಿಂದಲೇ ತಡೆಯಲು ಹೋಯಿತು. ಹೇಗೆ? ಫೋನಿನ ವೇಗವನ್ನೇ ತಗ್ಗಿಸಿ. ಜನ ಸಿಟ್ಟಾದ ಮೇಲೆ, ಹೊಸ ಬ್ಯಾಟರಿ ಹಾಕಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಅಷ್ಟು ದೊಡ್ಡ ಕಂಪನಿಗೂ ಕೊನೆಗೆ ಉಳಿದ ದಾರಿ ಹೊಸ ಬ್ಯಾಟರಿಯೇ.

ಅಪ್‌ಡೇಟ್ ವ್ಯರ್ಥ ಎನ್ನುತ್ತಿಲ್ಲ. ಸುರಕ್ಷತೆಗಾಗಿ ಹಾಕಲೇಬೇಕು. ತಪ್ಪು ಸಾಫ್ಟ್‌ವೇರಿನಲ್ಲಿದ್ದರೆ ಅದು ಬ್ಯಾಟರಿಗೂ ನೆರವಾಗುತ್ತದೆ. 2015ರ ಆಂಡ್ರಾಯ್ಡ್ 6 ಸುಮ್ಮನೆ ಇಟ್ಟ ಫೋನನ್ನು ಗಾಢ ನಿದ್ದೆಗೆ ಕಳಿಸುವ ವ್ಯವಸ್ಥೆ ತಂದು ನಿಜವಾಗಿಯೂ ಉಪಕಾರ ಮಾಡಿತು. ಆದರೆ ಸವೆದ ಬ್ಯಾಟರಿಯನ್ನು ಯಾವ ಅಪ್‌ಡೇಟೂ ತುಂಬಿಕೊಡದು.

ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ. ಮಲಗುವಾಗ ಫೋನನ್ನು ಫ್ಲೈಟ್ ಮೋಡ್‌ಗೆ (ನೆಟ್‌ವರ್ಕ್ ಸಂಪರ್ಕ ಬಂದ್ ಮಾಡುವ ಗುಂಡಿ) ಹಾಕಿ ಚಾರ್ಜಿನ ಅಂಕಿ ಬರೆದಿಟ್ಟುಕೊಳ್ಳಿ, ಬೆಳಿಗ್ಗೆ ನೋಡಿ. ನಾಳೆ ರಾತ್ರಿ ಮಾಮೂಲಿನಂತೆ ಇಟ್ಟು ಹೋಲಿಸಿ. ನನ್ನ ಫೋನಿನಲ್ಲಿ ಮೊದಲ ರಾತ್ರಿ ಶೇ 3, ಎರಡನೆಯ ರಾತ್ರಿ ಶೇ 17 ಚಾರ್ಜ್ ಇಳಿದಿತ್ತು. ಅಷ್ಟು ವ್ಯತ್ಯಾಸ ಕಂಡರೆ ಸಿಗ್ನಲ್ ದುರ್ಬಲವಾಗಿದೆ, ಇಲ್ಲವೇ ಯಾವುದೋ ಆಪ್ ರಾತ್ರಿಯಿಡೀ ಇಂಟರ್ನೆಟ್ ಬಳಸುತ್ತಿದೆ ಎಂದರ್ಥ. ನಮ್ಮಲ್ಲಿ 5ಜಿ ಬಂದು ಹೋಗುತ್ತಿತ್ತು. ಫೋನ್ 4ಜಿಯಲ್ಲೇ ಇರುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದ ಮೇಲೆ ಈ ಇಳಿತ ಎಷ್ಟೋ ಕಡಿಮೆಯಾಯಿತು. ಆದರೆ ಶೇ 30ರಲ್ಲಿ ಆರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಬ್ಯಾಟರಿಯದೇ ಕಾಯಿಲೆ, ಈ ವಾರವೇ ಬದಲಿಸಿ. ಒಯ್ಯುವ ಮೊದಲು ಬೇಕಾದದ್ದನ್ನೆಲ್ಲ ಕಂಪ್ಯೂಟರಿಗೆ ನೀವೇ ಕೈಯಾರೆ ನಕಲು ಮಾಡಿ, ಅಲ್ಲಿ ತೆರೆದೂ ನೋಡಿ. ಫೋನಿನ ಹಿಂಬದಿ ಮುಚ್ಚಳ ಒಂದು ಕೂದಲೆಳೆಯಷ್ಟು ಎದ್ದಿದ್ದರೂ ಒಳಗೆ ಬ್ಯಾಟರಿ ಉಬ್ಬಿರಬಹುದು; ಇನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲೂ ಹೋಗಬೇಡಿ.