ಬಂಡೆ ಜೋಡಿಸಿದ್ದು ಯಾರು?

ಪ್ರಶ್ನೆ: ಗಂಗಾವತಿಯಿಂದ ಆನೆಗೊಂದಿಗೆ ಹೋಗುವಾಗ ರಸ್ತೆ ಪಕ್ಕ ಬಂಡೆಗಳು ಒಂದರ ಮೇಲೊಂದು ಕೂತಿವೆ. ಯಾರು ಇಟ್ಟಿದ್ದು? ಬೀಳಲ್ವಾ?
– ಐದನೇ ಕ್ಲಾಸಿನ ಓದುಗ, ಕೊಪ್ಪಳ

ಉತ್ತರ: ಯಾರೂ ಇಟ್ಟಿಲ್ಲ ತಮ್ಮಾ, ಅಲ್ಲೇ ಹುಟ್ಟಿದವು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಕಲ್ಲು ತಣ್ಣಗಾಗಿ ಗ್ರಾನೈಟ್ ಆಯ್ತು. ಅದರಲ್ಲಿ ಅಡ್ಡಡ್ಡ ಉದ್ದುದ್ದ ಬಿರುಕು ಬಿಟ್ಟವು, ಬಿರುಕಿಗೆ ನೀರಿಳಿದು ಮೂಲೆಗಳು ಮೊದಲು ಸವೆದವು, ಪುಡಿಯಾದ ಮಣ್ಣನ್ನು ಮಳೆ ತೊಳೆದುಕೊಂಡು ಹೋಯ್ತು, ಉಳಿದಿದ್ದು ಈ ಗುಂಡುಗಳು. ಯಾವಾಗಲೋ ಒಂದು ಉರುಳುವುದೂ ಉಂಟು, ಹಾಗಾಗಿ ಕೆಳಗೆ ಕೂತು ಬುತ್ತಿ ಬಿಚ್ಚಬೇಡ. ದೂರದಿಂದಲೇ ನೋಡು, ಬಿಸಿಲು ಕಾಯಿಸುವ ಓತಿಕ್ಯಾತ ಸುಮ್ನೆ ತಲೆ ಕುಣಿಸುತ್ತಿರುತ್ತದೆ. ಜೋಡಿ ಹುಡುಕುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ. ನನಗಂತೂ ಬಂಡೆಗಿಂತ ಅದೇ ಜಾಸ್ತಿ ಇಷ್ಟ.