ಇಟಲಿಗೆ ಚಿತ್ರ ನೋಡಲು ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಟಲಿಯ ಕಲೆ, ಸಂಸ್ಕೃತಿ ಕಲಿಯಲು ಹೊರಡುವ ವಿದ್ಯಾರ್ಥಿಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

*ಪ್ರ: ಫ್ಲಾರೆನ್ಸ್‌ನಲ್ಲಿ ಆರು ವಾರಗಳ ಕಲಾ ಇತಿಹಾಸದ ಕೋರ್ಸ್‌ಗೆ ಸೀಟು ಸಿಕ್ಕಿದೆ. ಯಾವ ವೀಸಾ ಬೇಕು? ಅಲ್ಲಿ ಇಳಿದ ಮೇಲೆ ಪೊಲೀಸರ ಹತ್ತಿರ ಹೋಗಿ ಹೆಸರು ಬರೆಸಬೇಕಂತೆ, ನಿಜವೇ?*
ದೃಶ್ಯಕಲೆ ವಿದ್ಯಾರ್ಥಿನಿ, ದಾವಣಗೆರೆ

ಉ: 90 ದಿನದೊಳಗಿನ ಓದಿಗೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) 'ಸಿ' ವೀಸಾ, ಅದಕ್ಕಿಂತ ಹೆಚ್ಚಾದರೆ ಇಟಲಿಯ ರಾಷ್ಟ್ರೀಯ 'ಡಿ' ವೀಸಾ. ನಿಮ್ಮದು ಮೊದಲನೆಯದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಆದರೆ ಬೇಸಿಗೆಯಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ದಿನಾಂಕ ಸಿಗುವುದೇ ಕಷ್ಟ. ಎರಡೂವರೆ ತಿಂಗಳು ಮೊದಲೇ ದಿನ ಹಿಡಿದಿಡಿ. ಬೆರಳಚ್ಚು ಕೊಡಲು ನೀವೇ ಹೋಗಬೇಕು, ಏಜೆಂಟ್ ಹೋದರೆ ನಡೆಯುವುದಿಲ್ಲ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಖಾಲಿ ಪುಟ ಇರಬೇಕು, ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು.

ಅರ್ಜಿ ತಿರಸ್ಕಾರವಾಗುವುದು ಸಾಮಾನ್ಯವಾಗಿ ಸಣ್ಣ ಸಂಗತಿಗಳಿಂದ. ಉದ್ದೇಶದ ಜಾಗದಲ್ಲಿ 'ಪ್ರವಾಸ' ಎಂದು ಬರೆದು ಕೋರ್ಸಿನ ಪ್ರವೇಶಪತ್ರ ಲಗತ್ತಿಸಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. 'ಅಧ್ಯಯನ' ಎಂದೇ ಬರೆಯಿರಿ. ಅರ್ಜಿಯ ಹಿಂದಿನ ವಾರ ಅಪ್ಪನ ಖಾತೆಗೆ ಇದ್ದಕ್ಕಿದ್ದಂತೆ ಮೂರ್ನಾಲ್ಕು ಲಕ್ಷ ಬಂದು ಕೂತರೆ ಅನುಮಾನ ಬರುತ್ತದೆ. ಅಡಿಕೆಯೋ ಮೆಕ್ಕೆಜೋಳವೋ ಮಾರಿದ ಹಣವಾದರೆ ಮಂಡಿಯ ಪಟ್ಟಿ ಜೊತೆಗಿಡಿ. ಉಳಿಯುವ ಪ್ರತಿ ರಾತ್ರಿಗೂ ವಿಳಾಸ ತೋರಿಸಬೇಕು. ನಡುವೆ ಎರಡು ರಾತ್ರಿ ಬಿಟ್ಟುಹೋದರೂ ಕೇಳುತ್ತಾರೆ.

ಪೊಲೀಸರ ವಿಷಯ ಅರ್ಧ ನಿಜ. ದುಬೈ, ದೋಹಾ ದಾರಿಯಲ್ಲಿ ಹೋಗಿ ಮೊದಲು ಇಟಲಿಯಲ್ಲೇ ಇಳಿದರೆ ಗಡಿಯ ತಪಾಸಣೆಯೇ ಸಾಕು. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ನಲ್ಲಿ ವಿಮಾನ ಬದಲಿಸಿದರೆ ನೀವು ಷೆಂಗೆನ್ ಒಳಗೆ ಬಂದದ್ದು ಅಲ್ಲಿ. ಆಗ ಇಟಲಿ ತಲುಪಿದ 8 ದಿನದೊಳಗೆ 'ಕ್ವೆಸ್ತೂರಾ' ಎಂಬ ಪೊಲೀಸ್ ಕಚೇರಿಗೆ ತಿಳಿಸಬೇಕು. ಹೋಟೆಲಲ್ಲಿ ಉಳಿದವರ ವಿವರ ಹೋಟೆಲಿನವರೇ ಕಳಿಸುತ್ತಾರೆ, ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. 'ಡಿ' ವೀಸಾದವರಿಗೆ ಕೆಲಸ ಹೆಚ್ಚು. 8 ಕೆಲಸದ ದಿನದೊಳಗೆ ಅಂಚೆ ಕಚೇರಿಯಲ್ಲಿ ಅರ್ಜಿ ಕಿಟ್ ಪಡೆದು, 16 ಯೂರೋ ರೆವಿನ್ಯೂ ಸ್ಟಾಂಪ್ ಅಂಟಿಸಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಸ್ಟಾಂಪ್ ಸಿಗುವುದು ಅಂಚೆಯಲ್ಲಲ್ಲ, 'ಟಿ' ಫಲಕದ ತಂಬಾಕಿನ ಅಂಗಡಿಯಲ್ಲಿ. ಅಂಚೆಯವರು ಕೊಡುವ ರಸೀದಿಯೇ ಪರವಾನಗಿ ಕಾರ್ಡ್ ಬರುವತನಕ ನಿಮ್ಮ ದಾಖಲೆ, ಕಳೆಯಬೇಡಿ.

*ಪ್ರ: ಕಾಲೇಜಿನ ಐಡಿ ಕಾರ್ಡ್ ತೋರಿಸಿದರೆ ಮ್ಯೂಸಿಯಂ ಟಿಕೆಟ್ ರಿಯಾಯಿತಿಯಲ್ಲಿ ಸಿಗುತ್ತದೆಯೇ? ಎಲ್ಲವನ್ನೂ ಮೊದಲೇ ಬುಕ್ ಮಾಡಬೇಕೇ?*
ಬಿ.ಎ. ವಿದ್ಯಾರ್ಥಿ, ಚಿತ್ರದುರ್ಗ

ಉ: ನಮ್ಮ ಹುಡುಗರು ಹೆಚ್ಚು ಪೇಚಿಗೆ ಸಿಗುವುದೇ ಇಲ್ಲಿ. ಸರ್ಕಾರಿ ಮ್ಯೂಸಿಯಂಗಳಲ್ಲಿ 18ರಿಂದ 25 ವರ್ಷದವರಿಗೆ 2 ಯೂರೋ ಎಂಬ ದರ ಇದೆ, ನಿಜ. ಆದರೆ ಅದು ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ. ಆನ್‌ಲೈನಿನಲ್ಲಿ ಆ ಟಿಕೆಟ್ ಕೊಂಡು ಬಾಗಿಲಲ್ಲಿ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಪೂರ್ತಿ ದರದ ಟಿಕೆಟನ್ನು ಮತ್ತೆ ಕೊಳ್ಳಬೇಕಾಗುತ್ತದೆ. 18 ತುಂಬದವರಿಗೆ ಯಾವ ದೇಶದವರಾದರೂ ಪ್ರವೇಶ ಉಚಿತ. ಅಲ್ಲಿನ ಲಲಿತಕಲಾ ಅಕಾಡೆಮಿಯಲ್ಲೋ, ವಿಶ್ವವಿದ್ಯಾಲಯದ ಕಲಾ ಇತಿಹಾಸ, ವಾಸ್ತುಶಿಲ್ಪ ವಿಭಾಗದಲ್ಲೋ ದಾಖಲಾದವರಿಗೂ ಉಚಿತ ಪ್ರವೇಶದ ನಿಯಮ ಇದೆ. ಆ ವರ್ಷದ ದಾಖಲಾತಿ ಪತ್ರ ಕೈಯಲ್ಲಿರಬೇಕು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಎಲ್ಲರಿಗೂ ಬಿಟ್ಟಿ. ಅವತ್ತು ಫ್ಲಾರೆನ್ಸ್‌ನ ಉಫೀಜಿ ಚಿತ್ರಶಾಲೆಯಂಥ ಕಡೆ ಜಾತ್ರೆ ಸೇರಿರುತ್ತದೆ, ಚಿತ್ರ ಕಾಣುವುದಕ್ಕಿಂತ ತಲೆ ಕಾಣುವುದೇ ಹೆಚ್ಚು. ಸಣ್ಣ ಮ್ಯೂಸಿಯಂಗಳಿಗೆ ಆ ದಿನ ಇಟ್ಟುಕೊಳ್ಳುವುದು ಜಾಣತನ.

ಫ್ಲಾರೆನ್ಸ್‌ನ ಉಫೀಜಿ, ದಾವಿದನ ಮೂರ್ತಿ ಇರುವ ಅಕಾಡೆಮಿಯಾ ಎರಡಕ್ಕೂ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಗ್ಗೆ ತೆರೆದಿರುತ್ತದೆ. ಮೊದಲೇ ಬುಕ್ ಮಾಡದೆ ಆಗದ ಜಾಗಗಳು ನಾಲ್ಕು: ಮಿಲಾನ್‌ನ 'ಕೊನೆಯ ಭೋಜನ' ಎಂಬ ಲಿಯೊನಾರ್ಡೊನ ಗೋಡೆಚಿತ್ರ, ಪಾದುವಾದ ಸ್ಕ್ರೊವೆಞಿ ಪ್ರಾರ್ಥನಾಮಂದಿರ, ರೋಮಿನ ಕೊಲೋಸಿಯಂ, ಫ್ಲಾರೆನ್ಸ್ ಕೆಥೆಡ್ರಲ್ಲಿನ ಗುಮ್ಮಟ. ಕೊಲೋಸಿಯಂ ಟಿಕೆಟಿನ ಮೇಲೆ ನೋಡುವವರ ಹೆಸರೇ ಇರುತ್ತದೆ. ಗೆಳೆಯನ ಹೆಸರಲ್ಲಿ ಕೊಂಡ ಟಿಕೆಟಿನಿಂದ ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ನಮೂದಿಸಿ, ಇನಿಷಿಯಲ್ ಬಿಚ್ಚಿ ಬರೆದಿದ್ದರೆ ಅದನ್ನೂ ಸೇರಿಸಿ.

ದುಡ್ಡಿಲ್ಲದೆ ನೋಡುವಂಥದ್ದೂ ಕಡಿಮೆಯೇನಿಲ್ಲ. ರೋಮಿನ ಸಾನ್ ಲುಯೀಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿ ಕಾರವಾಜೊ ಬರೆದ ಸಂತ ಮ್ಯಾಥ್ಯೂವಿನ ಮೂರು ಚಿತ್ರಗಳಿವೆ, ಸಾಂತಾ ಮರಿಯಾ ದೆಲ್ ಪೊಪೊಲೊದಲ್ಲಿ ಇನ್ನೆರಡು. ಪ್ರವೇಶ ಉಚಿತ. ಇಂಥ ಚರ್ಚುಗಳ ಕತ್ತಲೆ ಮೂಲೆಗಳಲ್ಲಿ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹತ್ತುವ ಪೆಟ್ಟಿಗೆ ಇರುತ್ತದೆ, ಚಿಲ್ಲರೆ ಇಟ್ಟುಕೊಂಡಿರಿ. ಮಧ್ಯಾಹ್ನ ಎರಡು ಮೂರು ಗಂಟೆ ಬಾಗಿಲು ಹಾಕುವ ಚರ್ಚುಗಳು ಬಹಳ. ಭುಜ, ಮಂಡಿ ಮುಚ್ಚದಿದ್ದರೆ ಒಳಗೆ ಬಿಡುವುದಿಲ್ಲ. ಒಂದು ದುಪಟ್ಟಾ ಬ್ಯಾಗಿನಲ್ಲಿದ್ದರೆ ಆಯಿತು.

*ಪ್ರ: ಲಿಯೊನಾರ್ಡೊನ 'ಕೊನೆಯ ಭೋಜನ' ಪೂರಾ ಹಾಳಾಗಿದೆ ಎನ್ನುತ್ತಾರೆ. ಅದಾದ ಹತ್ತು ಹನ್ನೆರಡು ವರ್ಷಕ್ಕೆ ಮೈಕೆಲಾಂಜೆಲೊ ಬರೆದ, ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಮಂದಿರದ ಚಾವಣಿ ಹೇಗೆ ಉಳಿಯಿತು? ಮಕ್ಕಳಿಗೆ ಏನೆಂದು ಹೇಳಲಿ?*
ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರು, ಹರಿಹರ

ಉ: ಉತ್ತರ ಸುಣ್ಣದಲ್ಲಿದೆ ಮೇಷ್ಟ್ರೇ. ನಿಜವಾದ ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲೆ ಬರೆದ ಚಿತ್ರ. ಮೊದಲು ಗೋಡೆಗೆ ಸುಣ್ಣ, ಮರಳಿನ ಒರಟು ಪದರ. ಅದರ ಮೇಲೆ ಆವತ್ತು ಬರೆಯಲು ಸಾಧ್ಯವಿರುವಷ್ಟೇ ಜಾಗಕ್ಕೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪು ಪದರ. ಬಣ್ಣಕ್ಕೆ ಅಂಟು ಬೇಡ, ನೀರಿನಲ್ಲಿ ಕಲಸಿದರೆ ಸಾಕು. ಗಾರೆ ಒಣಗುತ್ತ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಸುಣ್ಣ ಮತ್ತೆ ಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತವೆ. ಅಲ್ಲಿಗೆ ಬಣ್ಣ ಗೋಡೆಯ ಮೇಲಿಲ್ಲ, ಗೋಡೆಯೇ ಆಗಿದೆ. ಆದರೆ ಗಾರೆ ಬಿಗಿಯುವ ಮೊದಲು, ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ತಪ್ಪಾದರೆ ತಿದ್ದಲಾಗದು, ಆ ಭಾಗ ಕೆತ್ತಿ ತೆಗೆದು ಹೊಸ ಗಾರೆ ಮೆತ್ತಬೇಕು.

ಲಿಯೊನಾರ್ಡೊಗೆ ಈ ಅವಸರ ಒಗ್ಗಲಿಲ್ಲ. ಅವನಿಗೆ ನಿಂತು ಯೋಚಿಸಿ, ವಾರ ಬಿಟ್ಟು ಬಂದು ತಿದ್ದುವ ಕ್ರಮ ಬೇಕಿತ್ತು. ಹಾಗಾಗಿ ಒಣಗೋಡೆಯ ಮೇಲೆ ಅಂಟು, ಎಣ್ಣೆ ಬೆರೆತ ಬಣ್ಣದಲ್ಲಿ ಬರೆದ. 1498ರ ಹೊತ್ತಿಗೆ ಮುಗಿದ ಚಿತ್ರ ಅವನು ಬದುಕಿರುವಾಗಲೇ ಹಕ್ಕಳೆ ಏಳತೊಡಗಿತು. ಗೋಡೆಯ ತೇವ ಹೊರಬರಲು ದಾರಿಯಿಲ್ಲದೆ ಬಣ್ಣವನ್ನೇ ತಳ್ಳಿತು. ಆಮೇಲಿನದು ಮನುಷ್ಯರ ಕೆಲಸ: 1652ರಲ್ಲಿ ಗೋಡೆಯಲ್ಲಿ ಬಾಗಿಲು ತೆರೆದು ಕ್ರಿಸ್ತನ ಪಾದಗಳನ್ನೇ ಕಡಿದು ಹಾಕಿದರು. 1943ರ ಆಗಸ್ಟ್‌ನಲ್ಲಿ ಬಾಂಬ್ ಬಿದ್ದು ಚಿತ್ರ ಇರುವ ಮಠದ ಊಟದ ಮನೆಯ ಚಾವಣಿ ಕುಸಿದರೂ ಮರಳಿನ ಮೂಟೆ ಒಡ್ಡಿದ್ದರಿಂದ ಚಿತ್ರದ ಗೋಡೆ ನಿಂತಿತು. ಇಪ್ಪತ್ತು ವರ್ಷ ಮೀರಿ ನಡೆದ ಕೊನೆಯ ದುರಸ್ತಿ ಮುಗಿದದ್ದು 1999ರಲ್ಲಿ. ಈಗ ಸಣ್ಣ ಗುಂಪುಗಳಲ್ಲಿ, ಗಾಳಿ ಶೋಧಿಸುವ ಕೋಣೆಗಳನ್ನು ದಾಟಿಸಿ, 15 ನಿಮಿಷ ಮಾತ್ರ ಬಿಡುತ್ತಾರೆ. ಹೊರಗಿನ ದೂಳು, ನಮ್ಮ ಉಸಿರಿನ ತೇವ ಎರಡೂ ಅದಕ್ಕೆ ಶತ್ರು.

ಸಿಸ್ಟೈನ್ ಚಾವಣಿಯನ್ನು ಹಸಿ ಗಾರೆಯ ಮೇಲೇ ಬರೆದ ಮೈಕೆಲಾಂಜೆಲೊಗೂ ಕೆಲಸ ಸಲೀಸಾಗಿರಲಿಲ್ಲ. 1508ರಲ್ಲಿ ಶುರುಮಾಡಿದ ಹೊಸದರಲ್ಲಿ ಗಾರೆಯಲ್ಲಿ ನೀರು ಹೆಚ್ಚಾಗಿ ಚಿತ್ರದ ಮೇಲೆ ಬೂಷ್ಟು ಬಂತು. ಕಲಸುವ ಹದ ತಿದ್ದಿಕೊಂಡು ಮುಂದುವರಿಸಿ 1512ರಲ್ಲಿ ಮುಗಿಸಿದ.

ಮಕ್ಕಳಿಗೆ ಹೇಳುವುದಕ್ಕಿಂತ ತೋರಿಸುವುದು ಮೇಲು. ಸ್ಕ್ರೊವೆಞಿಯಲ್ಲಿ ಜೊತ್ತೊ 1305ರ ಸುಮಾರಿಗೆ ಬರೆದ ಗೋಡೆಗಳನ್ನು ಓರೆಯಿಂದ ನೋಡಿದರೆ ಒಂದು ದಿನದ ಗಾರೆ ಮುಗಿದು ಮರುದಿನದ್ದು ಶುರುವಾದ ಅಂಚು ಸಣ್ಣ ಗೆರೆಯಾಗಿ ಕಾಣುತ್ತದೆ. ಮುಖಗಳ ಸುತ್ತ ಆ ಗೆರೆ ಬಿಗಿಯಾಗಿರುತ್ತದೆ, ಬರಿಯ ಗೋಡೆ ಬಂಡೆಗಳ ಕಡೆ ಅಗಲವಾಗಿ ಹರಡಿರುತ್ತದೆ. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅದರಲ್ಲೇ ಲೆಕ್ಕ ಸಿಗುತ್ತದೆ. ಮಾತೆ ಮೇರಿಯ ನೀಲಿ ಬಟ್ಟೆ ಅಲ್ಲಲ್ಲಿ ಉದುರಿರುವುದನ್ನೂ ಗಮನಿಸಲಿ. ಅಜುರೈಟ್ ಎಂಬ ಆ ನೀಲಿ ಹಸಿ ಸುಣ್ಣಕ್ಕೆ ತಡೆಯುವುದಿಲ್ಲವಾದ್ದರಿಂದ ಗಾರೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚಿದ್ದು. ಲಿಯೊನಾರ್ಡೊನ ಗೋಡೆಗೆ ಬಂದ ರೋಗವೇ ಅದಕ್ಕೂ ಬಂದಿದೆ. ಅಲ್ಲೂ 15 ನಿಮಿಷ ತಂಪು ಕೋಣೆಯಲ್ಲಿ ಕೂರಿಸಿ ಆಮೇಲೆ ಒಳಗೆ ಬಿಡುತ್ತಾರೆ, ಒಳಗೆ ಇರಲು ಸುಮಾರು ಅಷ್ಟೇ ಹೊತ್ತು. ಏನು ನೋಡಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಹೋಗದವರಿಗೆ ಆ ಹೊತ್ತು ಫೋಟೊ ತೆಗೆಯುವುದರಲ್ಲೇ ಕಳೆಯುತ್ತದೆ.

*ಪ್ರ: ಮಗಳು ಓದಲಿಕ್ಕೆ ಮಿಲಾನ್‌ಗೆ ಹೊರಟಿದ್ದಾಳೆ. ನಮ್ಮದು ಲಿಂಗಾಯತರ ಮನೆ, ಅವಳು ಮೊಟ್ಟೆ ಕೂಡ ಮುಟ್ಟಲ್ಲ. ತುಪ್ಪ, ಪೇಡ, ಚಟ್ನಿಪುಡಿ ಕಟ್ಟಿ ಕಳಿಸಬಹುದಾ?*
ಗೃಹಿಣಿ, ಚಳ್ಳಕೆರೆ

ಉ: ಚಟ್ನಿಪುಡಿ ಧಾರಾಳವಾಗಿ ಕಳಿಸಿ ಅಮ್ಮ. ರಾಗಿಹಿಟ್ಟು, ಶೇಂಗಾ ಹೋಳಿಗೆ, ಮಂಡಕ್ಕಿ ಇವಕ್ಕೂ ತೊಂದರೆಯಿಲ್ಲ, ಹೋಳಿಗೆಗೆ ತುಪ್ಪದ ಬದಲು ಎಣ್ಣೆ ಹಾಕಿ. ತುಪ್ಪ, ಬೆಣ್ಣೆ, ಪೇಡ ಬೇಡ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲ ಎಂಬುದು ಐರೋಪ್ಯ ಒಕ್ಕೂಟದ ನಿಯಮ, ಸಿಕ್ಕಿದರೆ ಕಸದ ಬುಟ್ಟಿಗೇ. ಹಸಿ ಕರಿಬೇವಿನ ಸೊಪ್ಪೂ ಬೇಡ, ಒಣಗಿಸಿ ಪುಡಿಗೆ ಸೇರಿಸಿಬಿಡಿ. ತೆಂಗಿನಕಾಯಿಗೆ ಮಾತ್ರ ಅಡ್ಡಿಯಿಲ್ಲ.

ಪಾಸ್ತಾದಲ್ಲಿ ಎರಡು ಜಾತಿ. ಅಂಗಡಿಯ ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿರವೆ, ನೀರು ಅಷ್ಟೆ. ಹಸಿ ಪಾಸ್ತಾಕ್ಕೆ, ಅದರಲ್ಲೂ ಬೊಲೋನ್ಯ ಕಡೆಯದಕ್ಕೆ, ಮೊಟ್ಟೆ ಬೀಳುತ್ತದೆ. ಕೇಳುವಾಗ 'ಸೆಂಜಾ ವೋವಾ' ಅಂದರೆ ಮೊಟ್ಟೆ ಬೇಡ, 'ಸೆಂಜಾ ಕಾರ್ನೆ' ಅಂದರೆ ಮಾಂಸ ಬೇಡ. ಮೀನನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರೂ ಇದ್ದಾರೆ, ಅದನ್ನು ಬೇರೆಯಾಗಿಯೇ 'ಸೆಂಜಾ ಪೇಶೆ' ಎಂದು ಹೇಳಬೇಕು. ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಅದು ಬೇಡವಾದವರು ಅದೇ ಚೀಸು ಬೀಳುವ ಪೆಸ್ತೊ ಚಟ್ನಿಯನ್ನೂ ಬಿಡಬೇಕಾಗುತ್ತದೆ. ನಿಶ್ಚಿಂತೆಯಿಂದ ತಿನ್ನಬಹುದಾದ್ದು ಟೊಮೆಟೊ, ಬೆಳ್ಳುಳ್ಳಿ, ಎಣ್ಣೆಯ 'ಮರಿನಾರಾ' ಪಿಜ್ಜಾ. ಜಿನೋವಾ ಕಡೆ ಕಡಲೆಹಿಟ್ಟಿನ 'ಫರಿನಾತಾ' ಎಂಬ ದಪ್ಪ ದೋಸೆ ಸಿಗುತ್ತದೆ, ಅವಳಿಗೆ ಹಿಡಿಸೀತು. ಇನ್ನೊಂದು: ಹಾಸ್ಟೆಲಿನಲ್ಲಿ ಇಂಡಕ್ಷನ್ ಒಲೆ ಇದ್ದರೆ ಮನೆಯ ಅಲ್ಯುಮಿನಿಯಂ ಕುಕ್ಕರ್ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಹಿಡಿಯುವ ಸ್ಟೀಲ್ ಕುಕ್ಕರ್ ಕೊಡಿ.

*ಪ್ರ: ಇಟಲಿಯಲ್ಲಿ ಬಡ ಕುಟುಂಬದ ಮಕ್ಕಳಿಗೆ ಫೀಸು ಕಡಿಮೆಯಂತೆ. ನಮಗೆ ಮೂರು ಎಕರೆ ಅಡಿಕೆ ತೋಟ ಇದೆ. ಮಗನಿಗೆ ಸಿಗುತ್ತದಾ?*
ರೈತರು, ಚನ್ನಗಿರಿ

ಉ: ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ಪ್ರಾಂತೀಯ ವಿದ್ಯಾರ್ಥಿವೇತನ ಎರಡಕ್ಕೂ ಕುಟುಂಬದ ಆದಾಯ, ಆಸ್ತಿ ಲೆಕ್ಕ ಹಾಕುತ್ತಾರೆ. ತೋಟ ಇದ್ದ ಮಾತ್ರಕ್ಕೆ ಅರ್ಹತೆ ಹೋಗುವುದಿಲ್ಲ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಒಂದರಿಂದಲೇ ಕೆಲಸ ಆಗದು. ಮನೆಯಲ್ಲಿ ಯಾರ್‍ಯಾರಿದ್ದಾರೆ, ಮನೆ ಎಷ್ಟು ಚದರ ಮೀಟರ್, ಪಹಣಿ, ಡಿಸೆಂಬರ್ 31ಕ್ಕೆ ಬ್ಯಾಂಕಿನಲ್ಲಿದ್ದ ಹಣ, ಇಷ್ಟನ್ನೂ ಕೇಳುತ್ತಾರೆ. ಯಾವ ವರ್ಷದ್ದು ಬೇಕೆಂದು ಆಯಾ ಪ್ರಕಟಣೆಯಲ್ಲಿ ನೋಡಿ, ಸಾಮಾನ್ಯವಾಗಿ ಎರಡು ವರ್ಷ ಹಿಂದಿನದು. ಪತ್ರಗಳಿಗೆ ಅಪಾಸ್ಟಿಲ್ ಮುದ್ರೆ (ಹೊರದೇಶದಲ್ಲಿ ಒಪ್ಪುವಂತೆ ನಮ್ಮ ಸರ್ಕಾರ ಕೊಡುವ ದೃಢೀಕರಣ), ಇಟಾಲಿಯನ್ ಅನುವಾದ ಬೇಕು, ಅದಕ್ಕೇ ತಿಂಗಳು ಹಿಡಿಯುತ್ತದೆ. ಗಡುವು ತಪ್ಪಿದರೆ ಆ ವರ್ಷ ಗರಿಷ್ಠ ಫೀಸಿನ ಪಟ್ಟಿಗೆ ಸೇರಿಸಿಬಿಡುತ್ತಾರೆ.

*ಪ್ರ: ಹತ್ತು ದಿನದಲ್ಲಿ ರೋಮ್, ನೇಪಲ್ಸ್, ಫ್ಲಾರೆನ್ಸ್, ಪಿಸಾ, ವೆನಿಸ್, ಮಿಲಾನ್ ಮುಗಿಸಬಹುದೇ? ಚಾರ್ಜರಿಗೆ ಯಾವ ಪಿನ್?*
ವಿದ್ಯಾರ್ಥಿಗಳ ಗುಂಪು, ಹಿರಿಯೂರು

ಉ: ಮುಗಿಸಬಹುದು, ರೈಲ್ವೆ ಸ್ಟೇಷನ್ನುಗಳನ್ನು. ರೋಮಿಗೆ ನಾಲ್ಕು, ಫ್ಲಾರೆನ್ಸಿಗೆ ಮೂರು, ಪಾದುವಾದಲ್ಲಿ ಉಳಿದುಕೊಂಡು ವೆನಿಸ್‌ಗೆ ಹೋಗಿಬರಲು ಮೂರು ದಿನ ಇಡಿ. ರೋಮ್ ಫ್ಲಾರೆನ್ಸ್ ನಡುವೆ ವೇಗದ ರೈಲಿಗೆ ಸುಮಾರು ಒಂದೂವರೆ ತಾಸು, ಆ ಟಿಕೆಟ್ ಎಷ್ಟು ಮೊದಲು ಕೊಂಡರೆ ಅಷ್ಟು ಅಗ್ಗ. ಪ್ರಾದೇಶಿಕ ರೈಲಿಗೆ ದರ ಯಾವಾಗಲೂ ಒಂದೇ. ಆದರೆ ಅದರ ಕಾಗದದ ಟಿಕೆಟನ್ನು ಹತ್ತುವ ಮುನ್ನ ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ಟಿಕೆಟ್ ಇದ್ದೂ ದಂಡ. ಫ್ಲಾರೆನ್ಸಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ದುರ್ಗದ ಕೋಟೆ ಹತ್ತಿದ ಕಾಲಿಗೆ ಅದೇನೂ ದೊಡ್ಡದಲ್ಲ, ಇಕ್ಕಟ್ಟಾದ ಜಾಗ ಆಗದವರು ಮಾತ್ರ ಕೆಳಗೇ ಉಳಿಯಿರಿ. ಆಗಸ್ಟ್ 15ರ ಆಸುಪಾಸು ಅಲ್ಲಿನವರೇ ರಜೆಗೆ ಹೋಗಿ ಅಂಗಡಿಗಳು ಮುಚ್ಚಿರುತ್ತವೆ.

ಕರೆಂಟು ನಮ್ಮಂತೆಯೇ 230 ವೋಲ್ಟ್. ಸಣ್ಣ ಎರಡು ಪಿನ್ನಿನ ಚಾರ್ಜರ್ ಹೊಂದುತ್ತದೆ, ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ ಕೂರುವುದಿಲ್ಲ. ಸಾಲಾಗಿ ಮೂರು ತೂತಿರುವ 'ಎಲ್' ಮಾದರಿಗೆ ಹೊಂದುವ ಅಡಾಪ್ಟರ್ ಬೆಂಗಳೂರಿನಲ್ಲೇ ಕೊಳ್ಳಿ.

*ಪ್ರ: ಹೊರಡಲು ಇನ್ನೂ ಐದು ತಿಂಗಳಿದೆ. ಇಲ್ಲೇ ಮಾಡಬಹುದಾದ ತಯಾರಿ ಏನು?*
ಕಲಾ ವಿದ್ಯಾರ್ಥಿ, ಜಗಳೂರು

ಉ: ಕೈ ಮತ್ತು ಕಣ್ಣಿನ ಅಭ್ಯಾಸ. ಹರಿಹರದ ಹರಿಹರೇಶ್ವರ ದೇವಸ್ಥಾನ 1224ರದು, ಹೊಯ್ಸಳರ ಕಾಲದ್ದು. ಅಲ್ಲಿನ ಒಂದೇ ಕಂಬದ ಮುಂದೆ ಒಂದು ಗಂಟೆ ಕೂತು, ಬೆಳಕು ಸರಿದಂತೆ ನೆರಳು ಎಲ್ಲಿ ಕೂರುತ್ತದೆಂದು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ಸಿಲ್ ಎಂದದ್ದಕ್ಕೆ ಕಾರಣ ಇದೆ: ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಸಣ್ಣ ಪುಸ್ತಕ, ಪೆನ್ಸಿಲಿಗೆ ಬಿಡುತ್ತಾರೆ, ಶಾಯಿ, ಜಲವರ್ಣಕ್ಕೆ ಬಿಡುವುದಿಲ್ಲ. ದೊಡ್ಡ ಬೆನ್ನುಚೀಲ ಬಾಗಿಲಲ್ಲೇ ಇಡಬೇಕು, ಹಾಗಾಗಿ ಅಂಗೈಯಗಲದ ಪುಸ್ತಕದಲ್ಲಿ ಬರೆದು ರೂಢಿ ಮಾಡಿಕೊಳ್ಳಿ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ನಾಣ್ಯಗಳು ಸಿಕ್ಕಿದ್ದು ಗೊತ್ತಿರಬಹುದು. ರೋಮಿನ ಮ್ಯೂಸಿಯಂಗಳಲ್ಲಿ ನಾಣ್ಯಗಳ ವಿಭಾಗ ಖಾಲಿ ಹೊಡೆಯುತ್ತಿರುತ್ತದೆ, ಯಾರೂ ತಳ್ಳುವುದಿಲ್ಲ. ರೋಮನ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್‌ರ ಮುಖಗಳನ್ನು ಅಲ್ಲಿ ಬಿಡಿಸಿಕೊಂಡು ಬಂದರೆ ನಿಮ್ಮ ಪ್ರಾಜೆಕ್ಟ್ ವರದಿಗೆ ಊರಿನದೇ ವಿಷಯ ಸಿಕ್ಕಂತಾಯಿತು.